ಮಾತು ಬಿಟ್ಟ ಕಂಪ್ಯೂಟರ್

ನಮ್ಮ ಮನೆಯಲ್ಲಿ ಕಂಪ್ಯೂಟರ್ ಇತ್ತು, ಮಾನಿಟರ್ ಇರಲಿಲ್ಲ. ಅದನ್ನು ಮುಗದ ಊರಿನ ನಮ್ಮಣ್ಣನ ಮನೆಗೆ ಸಾಗಹಾಕಿದವಳು ನಾನೇ. ನನ್ನ ಗಂಡ ಮಾಲತೇಶ ಹುಟ್ಟುಕುರುಡರು. ಅವರು ಒತ್ತಿದ ಅಕ್ಷರ, ತೆರೆದ ಪುಟ ಎಲ್ಲವನ್ನೂ ಕಂಪ್ಯೂಟರೇ ಇಂಗ್ಲಿಷಿನಲ್ಲಿ ಓದಿ ಹೇಳುತ್ತಿತ್ತು. ನೋಡುವವರೇ ಇಲ್ಲದ ಮೇಲೆ ಅರ್ಧ ಟೇಬಲ್ ನುಂಗಿ ಕೂತ ಆ ಡಬ್ಬಿ ಯಾರಿಗೆ ಬೇಕು ಎಂದು ವಾದಿಸಿ ಕಳಿಸಿದ್ದೆ.

ನಿಜ ಹೇಳಬೇಕೆಂದರೆ ನನಗೆ ಇಡೀ ಯಂತ್ರದ ಮೇಲೇ ಸಿಟ್ಟಿತ್ತು. ಅದು ಬರುವ ಮುಂಚೆ ಒಂಬತ್ತು ವರ್ಷ ಅವರಿಗೆ ಪುಸ್ತಕ ಓದಿದವಳು, ಅವರು ಹೇಳಿದ್ದನ್ನು ಬರೆದವಳು ನಾನು. ಹಗಲೆಲ್ಲ ಶಾಲೆಯಲ್ಲಿ ಮಕ್ಕಳ ಮುಂದೆ ಒದರಿ ಬಂದು ಸಂಜೆ ಇವರ ಮುಂದೆ ಕೂರುತ್ತಿದ್ದೆ. ಆಮೇಲೆ ಕಂಪ್ಯೂಟರ್ ಬಂತು. ಮೂಗಿನಲ್ಲಿ ಮಾತಾಡುವ ಒಂದು ಪರದೇಶಿ ದನಿ ನನ್ನ ಜಾಗ ಹಿಡಿಯಿತು. ಇನ್ನು ನಿನಗೆ ತ್ರಾಸಿಲ್ಲ ಎಂದರು ಇವರು. ತ್ರಾಸಾಗುತ್ತಿದೆ ಎಂದು ನಾನು ಯಾರಿಗೆ ಹೇಳಿದ್ದೆ?

ಎರಡು ಸಾವಿರದ ನಾಲ್ಕರ ಏಪ್ರಿಲ್. ಇವರ ಪಿಎಚ್.ಡಿ. ಪ್ರಬಂಧದ ಕೊನೆಯ ಅಧ್ಯಾಯ ಉಳಿದಿತ್ತು. ಎರಡು ಸಲ ಗಡುವು ವಿಸ್ತರಿಸಿದ್ದ ವಿಶ್ವವಿದ್ಯಾಲಯ, ಬರುವ ಮಂಗಳವಾರ ಸಂಜೆ ಐದರೊಳಗೆ ಕೊಡದಿದ್ದರೆ ಹೆಸರು ಕಡಿಯುತ್ತೇವೆ ಎಂದು ಪತ್ರ ಬರೆದಿತ್ತು. ಎಂಟು ವರ್ಷದ ದುಡಿಮೆಯೆಲ್ಲ ಟೈಪಾಗಿ ಆ ಪೆಟ್ಟಿಗೆಯೊಳಗಿತ್ತು. ನಕಲು ತೆಗೆದಿಟ್ಟ ಫ್ಲಾಪಿಗಳು ಕೆಟ್ಟು ಕೂತಿದ್ದವು. ಅಂಥ ಹೊತ್ತಿನಲ್ಲೇ ಯಂತ್ರ ಅರ್ಧ ಗಂಟೆಗೊಮ್ಮೆ ಬಿಸಿಯೇರಿ, ಮಾತಿನ ನಡುವೆಯೇ ಬಂದ್ ಆಗತೊಡಗಿತು.

ಕಂಪನಿ ಕೊಟ್ಟ ಹೊರಪೆಟ್ಟಿಗೆ ಇಕ್ಕಟ್ಟಾಗಿತ್ತು, ಒಳಗೆ ಗಾಳಿಯೇ ಆಡುತ್ತಿರಲಿಲ್ಲ. ಹುಬ್ಬಳ್ಳಿಯ ಅಂಗಡಿಯವನು ಇಟ್ಟು ಹೋಗಿ, ಎಂಟು ದಿನ ಬಿಟ್ಟು ಬನ್ನಿ ಎಂದ. ಇವರು ಗಾಳಿಯಾಡುವ ಒಂದು ಖಾಲಿ ಪೆಟ್ಟಿಗೆ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಧಾರವಾಡಕ್ಕೆ ತಂದರು. ಹುಡುಗನಿದ್ದಾಗಿನಿಂದ ರೇಡಿಯೋ ಬಿಚ್ಚಿ ಜೋಡಿಸಿದ ಕೈ ಅದು.

ಶನಿವಾರ ಮುಂಜಾನೆ ಶುರು ಮಾಡಿದೆವು. ಅವರು ಬಿಚ್ಚಿದ ಸ್ಕ್ರೂಗಳನ್ನು ನಾನು ಬಟ್ಟಲುಗಳಲ್ಲಿ ಬೇರೆ ಬೇರೆ ಇಟ್ಟೆ. ಯಾವ ತಂತಿ ಎಲ್ಲಿಂದ ಬಂತು ಎಂಬುದನ್ನು ಬೆರಳಲ್ಲೇ ನೆನಪಿಟ್ಟು ಒಂದೊಂದನ್ನೇ ಹೊಸ ಪೆಟ್ಟಿಗೆಗೆ ಸಾಗಿಸಿದರು. ಮುಂದುಗಡೆ ಹೆಡ್‌ಫೋನ್ ಸಿಕ್ಕಿಸುವ ತೂತಿನ ತಂತಿ ಮಾತ್ರ ಹಳೆಯ ತಗಡಿಗೇ ಬೆಸೆದಿತ್ತು. ನಾವು ಎಂದೂ ಬಳಸದ ತೂತು ಎಂದು ಅಲ್ಲೇ ಬಿಟ್ಟರು.

ಮಧ್ಯಾಹ್ನ ಬಟನ್ ಒತ್ತಿದರು. ಫ್ಯಾನು ತಿರುಗಿತು, ದನಿ ಬರಲಿಲ್ಲ. ಹತ್ತು ನಿಮಿಷ ಕಾದೆವು. ಬಂದ್ ಮಾಡಿ, ಎಲ್ಲ ತಂತಿ ಕಿತ್ತು ಮತ್ತೆ ಚುಚ್ಚಿದರು. ಐದು ಸಲ ಹಾಗೆ ಮಾಡಿದರು. ಸ್ಪೀಕರ್ ಕೆಟ್ಟಿರಬಹುದೆಂದು ಟೇಪ್‌ರೆಕಾರ್ಡರಿಗೆ ಹಚ್ಚಿದರೆ ಅದು ಚೆನ್ನಾಗಿಯೇ ಹಾಡಿತು. ಇವರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ನಾನೇ ಕೈಯಾರೆ ಒಳಗಿನ ಬೋರ್ಡು ಸುಟ್ಟೆ ಎಂದರು, ನೆರೆಮನೆಯ ಸುದ್ದಿ ಹೇಳಿದ ಹಾಗೆ. ಅವರು ಅತ್ತಿದ್ದರೂ ತಡೆದುಕೊಳ್ಳುತ್ತಿದ್ದೆ.

ಕೊನೆಯ ಅಧ್ಯಾಯ ಅವರ ತಲೆಯಲ್ಲೇ ಇದೆ, ಮೊದಲಿನದಕ್ಕೆ ಹಳೆಯ ಟಿಪ್ಪಣಿಗಳಿವೆ, ಇನ್ನೂ ಮೂರು ದಿನ ಇದೆ ಎಂದು ಲೆಕ್ಕ ಹಾಕಿದೆ.

"ನೀವು ಹೇಳ್ರಿ, ನಾ ಬರೀತೇನಿ. ಮೊದಲಿನಂಗ ಓದೂದೂ ನಾನ ಓದತೇನಿ."

"ಬ್ಯಾಡ."

ಅಷ್ಟೇ. ಮುಖ ಕೂಡ ತಿರುಗಿಸಲಿಲ್ಲ. ಮುಳುಗುವಾಗಲೂ ಈ ಮನುಷ್ಯನಿಗೆ ನನ್ನ ಕೈ ಬೇಡವೇ ಎಂದು ನನಗೆ ಉರಿದುಹೋಯಿತು. ಅಡಿಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಹೊರಗೆ ಕೀಬೋರ್ಡಿನ ಸದ್ದು ಕೇಳುತ್ತಿತ್ತು. ಸತ್ತ ಯಂತ್ರದ ಮುಂದೆ ಕೂತು ರೂಢಿಯಂತೆ ಏನೋ ಕುಟ್ಟುತ್ತಿದ್ದರು.

ಚಹಾ ಒಯ್ದಾಗ ಕುಟ್ಟುವುದು ನಿಂತಿತ್ತು. ಬಲಮೂಲೆಯ ಒಂದು ಕೀಯನ್ನು ಸುಮ್ಮನೆ ಒತ್ತುತ್ತಾ ಕೂತಿದ್ದರು. ಒಮ್ಮೆ ಒತ್ತಿದರೆ ಮೇಲಿನ ಹಸಿರು ದೀಪ ಹತ್ತುತ್ತಿತ್ತು, ಮತ್ತೊಮ್ಮೆ ಒತ್ತಿದರೆ ಆರುತ್ತಿತ್ತು.

"ಆ ದೀಪದ ಜೋಡಿ ಏನ್ ಆಟ ಹಚ್ಚೀರಿ?" ಎಂದೆ, ಸಿಟ್ಟಿನಲ್ಲೇ.

"ಯಾವ ದೀಪ?"

ಮೂರು ವರ್ಷ ದಿನಾ ಆ ಕೀಬೋರ್ಡಿನ ಧೂಳು ಒರೆಸಿದ್ದೆ. ಅದರಲ್ಲಿ ದೀಪ ಇದೆ ಎಂದು ಇವರಿಗೆ ಯಾರೂ ಹೇಳಿರಲೇ ಇಲ್ಲ, ನಾನೂ ಹೇಳಿರಲಿಲ್ಲ. ಹೇಳಿದೆ. ನನ್ನ ಬೆರಳು ಹಿಡಿದು ದೀಪದ ಮೇಲೆ ಇಡಿಸಿ, ಮತ್ತೆ ಒತ್ತಿ, ಹತ್ತಿತೇ ಎಂದು ಕೇಳಿದರು. ಹತ್ತಿತ್ತು. ಒತ್ತಿದ್ದಕ್ಕೆ ದೀಪ ಹತ್ತುತ್ತದೆಂದರೆ ಒಳಗೆ ಯಂತ್ರ ಕೇಳಿಸಿಕೊಳ್ಳುತ್ತಿದೆ ಎಂದರು.

"ಇದು ಸತ್ತಿಲ್ಲ ಸುಕನ್ಯಾ. ಮಾತಷ್ಟ ಬಿಟ್ಟೈತಿ."

ಮಾನಿಟರ್ ಇದ್ದಿದ್ದರೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತಿತ್ತು. ನನ್ನನ್ನು ನಾನೇ ಬೈದುಕೊಳ್ಳುತ್ತಾ ಓಣಿಯ ತುದಿಗೆ ಓಡಿ, ರೇಡಿಯೋ ರಿಪೇರಿಯ ಶರೀಫಸಾಬರನ್ನು ಕರೆತಂದೆ. ಅವರು ಎಂದೂ ಕಂಪ್ಯೂಟರ್ ಬಿಚ್ಚಿದವರಲ್ಲ. ಹಳೆಯ ಪೆಟ್ಟಿಗೆಯಿಂದ ಯಾವುದು ಬರಲಿಲ್ಲ ಎಂದಷ್ಟೇ ಕೇಳಿದರು. ಹೆಡ್‌ಫೋನಿನ ತಂತಿ ಎಂದಾಗ ನಕ್ಕರು. ಟೇಪ್‌ರೆಕಾರ್ಡರಿನಲ್ಲೂ ಹಾಗೇ ಇರುತ್ತದಂತೆ. ದನಿ ಮೊದಲು ಆ ತೂತಿಗೆ ಹೋಗಿ, ಅಲ್ಲಿ ಯಾರೂ ಇಲ್ಲದಿದ್ದರೆ ಹೊರಳಿ ಸ್ಪೀಕರಿಗೆ ಬರುತ್ತದೆ. ತೂತನ್ನೇ ಬಿಟ್ಟು ಬಂದರೆ ದಾರಿ ಕಡಿದಂತೆ. ಹಳೆಯ ತಂತಿಯಲ್ಲಿ ಹೋಗುವುದು ಯಾವುದು, ಹೊರಳುವುದು ಯಾವುದು ಎಂದು ಕನ್ನಡಕ ಏರಿಸಿ ಗುರುತಿಸಿದರು.

"ಬಂದ್ ಮಾಡಬ್ಯಾಡ್ರಿ ಮಾಸ್ತರ. ಚಾಲೂ ಇದ್ರ ದನಿ ಬಂದದ್ದು ಗೊತ್ತಾಗತೈತಿ," ಎಂದು ಬಟನ್ನಿಗೆ ಕೈ ಚಾಚಿದ ಇವರನ್ನು ತಡೆದರು.

ಎರಡು ತುಂಡು ತಂತಿಯಿಂದ, ಆ ಹಳೆಯ ತಂತಿ ಸಿಕ್ಕಿಸುತ್ತಿದ್ದ ಬೋರ್ಡಿನ ಮುಳ್ಳುಗಳನ್ನು ಜೋಡಿಸಿದರು. ಸ್ಪೀಕರ್ ಕರಕರ ಅಂದಿತು. ಮಧ್ಯಾಹ್ನ ತಾವು ಕುಟ್ಟಿದ್ದು ಏನೆಂಬುದನ್ನು ಮರೆತು ಇವರು ಓದಿಸುವ ಕೀ ಒತ್ತಿದರು. ಆ ಪರದೇಶಿ ದನಿ ತನ್ನ ಇಂಗ್ಲಿಷಿನಲ್ಲಿ ಓದತೊಡಗಿತು: ಸುಕನ್ಯಾ ತಾನು ಓದುತ್ತೇನೆ ಅನ್ನುತ್ತಾಳೆ. ಒಂಬತ್ತು ವರ್ಷ ಓದಿದಳು. ಗಂಟಲಿಗೆ ವಿಶ್ರಾಂತಿ ಬೇಕೆಂದು ಡಾಕ್ಟರು ಎರಡು ಸಲ ಹೇಳಿದ್ದನ್ನು ನನ್ನಿಂದ ಮುಚ್ಚಿಟ್ಟಳು. ಅವಳ ದನಿ ಒಡೆಯುವುದು ನನಗೆ ಕೇಳುತ್ತಿತ್ತು. ಪದವಿ ಹೋದರೆ ಹೋಗಲಿ.

ಇವರ ಮುಖ ಕೆಂಪಾಯಿತು. ಓದು ನಿಲ್ಲಿಸಲು ಕೀಬೋರ್ಡಿಗೆ ಕೈ ಹಾಕಿದರು. ನಾನು ಆ ಕೈ ಹಿಡಿದುಕೊಂಡೆ.

"ಏನ್ ಹೇಳಾಕತ್ತೈತ್ರಿ ಬಾಯಾರ?" ಎಂದು ಶರೀಫಸಾಬರು ಕೇಳಿದರು.

"ನನ್ನ ಮ್ಯಾಲ ಚಾಡಿ ಹೇಳಾಕತ್ತೈತ್ರಿ," ಎಂದೆ. ನನ್ನ ದನಿ ಒಡೆದೇ ಬಂತು. ಅದು ಪೂರ್ತಿ ಓದಿ ಮುಗಿಸುವವರೆಗೆ ಇವರ ಕೈ ಬಿಡಲಿಲ್ಲ.