ಜಡ್ಡುಗಟ್ಟದ ಬೆರಳು

ಆಸ್ಪತ್ರೆಯ ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ ಸಿಮೆಂಟಿನ ಮೂರು ತೊಟ್ಟಿಗಳಿದ್ದವು. ಮೊದಲನೆಯದರಲ್ಲಿ ಸೋಪಿನ ಬಿಸಿನೀರು, ಎರಡನೆಯದರಲ್ಲಿ ತಣ್ಣೀರು, ಮೂರನೆಯದರಲ್ಲಿ ಮೂಗು ಸುಡುವ ಔಷಧಿಯ ನೀರು. ರೋಗಿಗಳು ಉಂಡ ತಟ್ಟೆಗಳು ಮೂರರಲ್ಲೂ ಮುಳುಗಿ ಏಳಬೇಕು. ಅವುಗಳ ಜೊತೆ ಅವಳ ಕೈಗಳೂ ಬೆಳಗಿನಿಂದ ಸಂಜೆಯವರೆಗೆ ಮುಳುಗಿ ಮುಳುಗಿ ಏಳುತ್ತಿದ್ದವು. ಮನೆಗೆ ಹೊರಡುವ ಹೊತ್ತಿಗೆ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿ, ಒತ್ತಿದರೆ ಚರ್ಮವೇ ಕಿತ್ತು ಬರುವಷ್ಟು ಮೆತ್ತಗಾಗಿರುತ್ತಿದ್ದವು.

"ಕೈ ಉಳೀಬೇಕು ಅಂದ್ರೆ ನೀರು ಬಿಡಮ್ಮ," ಎಂದಿದ್ದರು ಚರ್ಮದ ಡಾಕ್ಟರು, ಮೊಣಕೈವರೆಗೆ ಹಬ್ಬಿದ ಕೆಂಪು ಗಂದೆಗಳನ್ನು ನೋಡಿ. "ಮುಲಾಮು ಎಷ್ಟು ಬೇಕಾದ್ರೂ ಕೊಡ್ತೀನಿ. ಹಚ್ಚಿದ್ದೆಲ್ಲ ತೊಟ್ಟೀಲಿ ತೊಳೆದುಹೋದ್ರೆ ತಟ್ಟೆಗಳಿಗೆ ವಾಸಿಯಾಗುತ್ತೆ, ನಿನಗಲ್ಲ."

ನೀರು ಬಿಡುವುದೆಂದರೆ ಕೆಲಸ ಬಿಡುವುದು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತೆ. ಇಬ್ಬರ ಅನ್ನವೂ ಆ ಮೂರು ತೊಟ್ಟಿಗಳಿಂದಲೇ ಬರುತ್ತಿತ್ತು.

ಹೊರಗೆ ಬರುವ ಬಾಗಿಲು ಕಂಡದ್ದು ಒಂದೇ. ಪಕ್ಕದ ಬೀದಿಯ ಪುಟ್ಟ ಮಕ್ಕಳ ಶಾಲೆಯಲ್ಲಿ ಗಿಟಾರ್ ನುಡಿಸಿ ಹಾಡು ಹೇಳಿಕೊಡುವವರು ಬೇಕಾಗಿದ್ದರು. ಗಂಡ ಹೋದ ವರ್ಷದಿಂದ ಅವಳು ಮಹಡಿಯ ಮೇಲಿನ ಟೀಚರಮ್ಮನ ಹತ್ತಿರ ಗಿಟಾರ್ ಕಲಿಯುತ್ತಿದ್ದಳು. ಮೊದಮೊದಲು ಅಳು ಮರೆಯಲೆಂದು, ಆಮೇಲೆ ಅದಿಲ್ಲದೆ ಸಂಜೆ ಕಳೆಯುವುದಿಲ್ಲವೆಂದು. ಟೀಚರಮ್ಮ ಬಾಯಿ ತೆರೆದರೆ ಜೇನು. "ಭೇಷ್ ಮಗಳೇ, ಎಷ್ಟು ಚೆನ್ನಾಗಿ ಬಂತು!" ತಪ್ಪಿದರೂ ಭೇಷ್, ತಡವರಿಸಿದರೂ ಭೇಷ್. ಅವಳ ಗಿಟಾರೂ ಅವರೇ ಕೊಟ್ಟದ್ದು. ಪ್ರತಿ ಪಾಠಕ್ಕೆ ಮೊದಲು ಅದರ ಬಿರಡೆ ತಿರುಗಿಸಿ ಶ್ರುತಿ ಮಾಡುತ್ತಿದ್ದವರೂ ಅವರೇ.

"ಆ ಶಾಲೆಗೆ ಹೋಗು. ನಿನ್ನಂಥವಳು ಅವರಿಗೆ ಎಲ್ಲಿ ಸಿಗ್ತಾಳೆ?" ಎಂದರು ಟೀಚರಮ್ಮ.

ಶಾಲೆಯವರು ಅವಳನ್ನು ತಮಗಾಗಿ ಪರೀಕ್ಷೆ ಮಾಡುವ ಗಿಟಾರ್ ಮೇಷ್ಟ್ರ ಬಳಿ ಕಳಿಸಿದರು. ಅವರು ಹೂಂ ಅಂದರೆ ಕೆಲಸ, ಊಹೂಂ ಅಂದರೆ ಇಲ್ಲ.

ಮೇಷ್ಟ್ರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಯಾರೇ ಬರಲಿ, ಹೊಸ್ತಿಲಲ್ಲೇ ಎಡಗೈ ಚಾಚಬೇಕು. ಅವರು ಹೆಬ್ಬೆರಳಿನಿಂದ ನಾಲ್ಕೂ ಬೆರಳ ತುದಿ ಒತ್ತಿ ನೋಡುತ್ತಿದ್ದರು. ತಂತಿ ಒತ್ತಿ ಒತ್ತಿ ಚರ್ಮ ಜಡ್ಡುಗಟ್ಟಿದ್ದರೆ ಒಳಗೆ, ಮೆತ್ತಗಿದ್ದರೆ ಬಂದ ದಾರಿ. ಬಾಯಿ ಸುಳ್ಳು ಹೇಳುತ್ತದೆ, ಬೆರಳು ಹೇಳುವುದಿಲ್ಲ ಎಂಬುದು ಅವರ ನಂಬಿಕೆ.

ಅವಳ ಬೆರಳು ಒತ್ತಿ ಅವರು ನಕ್ಕರು. "ಒಂದು ವರ್ಷ ಕಲಿತಿದ್ದೀಯಾ? ಹಸುಗೂಸಿನ ಬೆರಳಮ್ಮ ಇದು. ಗಿಟಾರನ್ನ ಗೋಡೆಗೆ ನೇತುಹಾಕಿ ಕೈ ಮುಗೀತಿದ್ಯೋ ಹೇಗೆ?"

"ದಿನಾ ನುಡಿಸ್ತೀನಿ, ಮೇಷ್ಟ್ರೇ."

"ಹಾಗಾದ್ರೆ ಬಾ. ಸುಳ್ಳು ಎಷ್ಟು ಹೊತ್ತು ನಿಲ್ಲುತ್ತೋ ನೋಡೋಣ."

ಅವರ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಕಾರ್ಡ್ ಒತ್ತಿದಳು. ಒತ್ತಿದ ತಂತಿ ಕೆಳಗಿಳಿಯಲಿಲ್ಲ. ಅದು ತಂತಿಯಲ್ಲ, ಕಬ್ಬಿಣದ ಬೇಲಿ. ಇನ್ನೂ ಬಲ ಹಾಕಿದಳು. ನಾದದ ಬದಲು ತಗಡು ಕೆರೆದಂಥ ಸದ್ದು ಬಂತು. ಹಾಡಿನ ಎರಡನೆಯ ಸಾಲಿಗೆ ಬೆರಳು ಕೆಂಪಾಯಿತು, ಮೂರನೆಯದಕ್ಕೆ ಚರ್ಮ ಸುಲಿಯಿತು.

ಮೇಷ್ಟ್ರು ಗಿಟಾರ್ ಕಿತ್ತುಕೊಂಡರು. "ಇದು ಸರಿಯಾದ ಶ್ರುತಿ. ನೀನು ಈವರೆಗೆ ನುಡಿಸಿದ್ದು ಬಟ್ಟೆ ಒಣಗಿಸೋ ಹಗ್ಗ. ಯಾರಮ್ಮ ನಿನಗೆ ಕಲಿಸಿದ್ದು? ಸಕ್ಕರೆ ತಿನ್ನಿಸಿ ಸಾಯಿಸಿದ್ದಾರೆ." ಬಾಗಿಲವರೆಗೆ ಬಂದು ಹೇಳಿದರು, "ಬರೋ ಭಾನುವಾರ ಇನ್ನೊಬ್ಬಳು ಬರ್ತಿದ್ದಾಳೆ. ಅಷ್ಟರಲ್ಲಿ ಬೆರಳು ಗಟ್ಟಿಮಾಡಿಕೊಂಡು ಬಂದ್ರೆ ನಿನ್ನದೂ ಕೇಳ್ತೀನಿ. ಇಲ್ಲಾಂದ್ರೆ ಬರೋ ಶ್ರಮ ಬೇಡ."

ಅವಳು ನೆಟ್ಟಗೆ ಮಹಡಿ ಹತ್ತಿದಳು. ಅವಳ ಕೈ ನೋಡಿದ ಕೂಡಲೇ ಟೀಚರಮ್ಮನ ಮುಖದ ಬಣ್ಣ ಇಳಿಯಿತು.

"ತಂತಿ ಸಡಿಲ ಮಾಡಿದ್ರಾ?"

"ಮೊದಲನೇ ವಾರ ನಿನ್ನ ಬೆರಳಿಂದ ನೀರು ಒಸರ್ತಿತ್ತು ಮಗಳೇ. ನೋಡೋಕೆ ಆಗಲಿಲ್ಲ. ಸ್ವಲ್ಪ ಇಳಿಸಿದೆ. ನಿನಗೆ ಗೊತ್ತಾಗದ ಹಾಗೆ ನನ್ನ ಗಿಟಾರೂ ಇಳಿಸಿದೆ. ದಿನಾ ಒಂದೊಂದು ಎಳೆ ಏರಿಸೋಣ ಅಂತಲೇ ಇದ್ದೆ. ನಿನ್ನ ಮುಖ ನೋಡಿದ್ರೆ, ನಾಳೆಗಾಯ್ತು ಅನ್ನಿಸೋದು."

ಬೈದು ಹೊರಗಟ್ಟಿದವರ ಮೇಲೆ ಬಾರದ ಸಿಟ್ಟು ಭೇಷ್ ಎಂದವರ ಮೇಲೆ ಬಂತು. "ನಾನು ಕೇಳಿದ್ದು ಗಿಟಾರು, ಟೀಚರಮ್ಮ. ಕನಿಕರ ಕೇಳಿರಲಿಲ್ಲ. ಬಿಗಿ ಮಾಡಿಕೊಡಿ."

ಟೀಚರಮ್ಮ ಆರೂ ಬಿರಡೆ ತಿರುಗಿಸಿದರು. ಒಂದೊಂದು ತಂತಿ ಏರುವಾಗಲೂ ಎಲ್ಲೋ ಯಾರೋ ಹಲ್ಲು ಕಚ್ಚಿ ನರಳಿದಂತೆ ಕೇಳಿಸಿತು. ಅವಳು ಗಿಟಾರ್ ತೆಗೆದುಕೊಂಡು, ಬರುತ್ತೇನೆ ಎಂದೂ ಹೇಳದೆ ಇಳಿದುಬಂದಳು.

ಕ್ಯಾಂಟೀನಿನ ಮೇಲ್ವಿಚಾರಕನನ್ನು ಬೇಡಿಕೊಂಡಳು. ಬೆರಳು ಒಣಗಲಿ, ಒಂದೇ ಒಂದು ವಾರ ಟೇಬಲ್ ಒರೆಸುವ ಕೆಲಸ ಕೊಡಿ. ಅವನು ಕೊಡಲಿಲ್ಲ. ರಬ್ಬರ್ ಕೈಗವಸು ಹಾಕಿಕೊಂಡಳು. ಅದರಿಂದ ಗಾಜಿನ ಲೋಟಗಳ ಟ್ರೇ ಜಾರಿ ನೆಲಕ್ಕೆ ಬಿದ್ದ ಮೇಲೆ ಆ ಕೈಗವಸನ್ನೂ ಅವನು ಕಸಿದುಕೊಂಡ. ಆ ರಾತ್ರಿ ಅವಳು ಊಟಕ್ಕೆ ಕೂತು ತುತ್ತು ಎತ್ತಲಾರದೆ ಅತ್ತಳು.

ಅತ್ತೆ ನೋಡುತ್ತಾ ಕೂತಿದ್ದಳು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಿನ್ನ ಕೈ ಇಡೀ ದಿನ ಸೋಪಲ್ಲಿದ್ರೂ ಬಾಯಿಗೆ ಬರೀ ಕಣ್ಣೀರೇ ಆಯ್ತಲ್ಲೇ. ಎಷ್ಟು ದಿನ ಒಣಗಬೇಕು ಆ ಬೆರಳು?"

"ಭಾನುವಾರದವರೆಗೆ."

"ನಾನು ಹೋಗ್ತೀನಿ."

"ಅತ್ತೇ, ನಿಮ್ಮ ಮಂಡಿ..."

"ತಟ್ಟೆ ತೊಳೆಯೋದು ಕೈಯಲ್ಲಿ, ಮಂಡೀಲಲ್ಲ. ಸುಮ್ಮನೆ ಉಣ್ಣು."

ಅತ್ತೆ ಹೋದಳು. ಬದಲಿಗೆ ಬಂದ ಮುದುಕಿಯನ್ನು ಕಂಡು ಮೇಲ್ವಿಚಾರಕ ಗೊಣಗಿದನಂತೆ. ಸಂಜೆಗೆ, ಸೊಸೆಗಿಂತ ಅತ್ತೆಯೇ ವಾಸಿ ಎಂದನಂತೆ. "ನೋಡು, ನಿನಗಿಂತ ನನಗೇ ಭವಿಷ್ಯ ಇದೆ," ಎಂದು ಅತ್ತೆ ನಗುತ್ತಾ ಗೋಡೆ ಹಿಡಿದು ಕೂತಳು. ಮಂಡಿ ಕುಂಬಳಕಾಯಿಯಂತೆ ಊದಿತ್ತು. ಬಿಸಿ ಬಟ್ಟೆ ಇಡಲು ಹೋದರೆ ಗದರಿದಳು. "ನೀರು ಮುಟ್ಟಬೇಡವೇ! ಹೋಗಿ ಅದನ್ನ ಬಾರಿಸು."

ಅವಳು ಬಾರಿಸಿದಳು. ಬಾರಿಸಿ, ಬೆರಳಿಗೆ ಉಸಿರು ಊದಿ, ಮತ್ತೆ ಬಾರಿಸಿದಳು. ದೇವರೇ, ಇಷ್ಟೇ ಇಷ್ಟು ಚರ್ಮ ಕೊಡು, ನಾಲ್ಕು ಬೆರಳಿಗೆ ನಾಲ್ಕು ಕಾಳಿನಷ್ಟು. ದೇವರು ಕೊಟ್ಟದ್ದು ಬೇರೆ. ವರ್ಷಗಟ್ಟಲೆ ನೆನೆದ ಚರ್ಮ ಒಮ್ಮೆಲೇ ಒಣಗಿದಾಗ ಗಟ್ಟಿಯಾಗಲಿಲ್ಲ. ಕೆರೆಯ ತಳ ಬಿರಿದಂತೆ ಬಿರಿಯಿತು. ತಂತಿ ನೇರವಾಗಿ ಬಿರುಕಿನೊಳಗೆ ಇಳಿಯತೊಡಗಿತು.

ಭಾನುವಾರ ಮೇಷ್ಟ್ರು ಹೊಸ್ತಿಲಲ್ಲಿ ಆ ಬೆರಳು ಹಿಡಿದು ನೋಡಿದರು. ಒತ್ತಲಿಲ್ಲ.

"ಇದೇನಿದು? ಬ್ಲೇಡಲ್ಲಿ ಕೊಯ್ದುಕೊಂಡು ಬಂದಿದ್ದೀಯಾ, ನನ್ನ ಕನಿಕರಕ್ಕೆ?"

"ತಟ್ಟೆ ತೊಳೆಯೋ ಕೈ, ಮೇಷ್ಟ್ರೇ. ಇಡೀ ದಿನ ನೀರಲ್ಲಿರುತ್ತೆ. ರಾತ್ರಿ ಗಟ್ಟಿಯಾಗಿದ್ದು ಬೆಳಿಗ್ಗೆ ಕರಗುತ್ತೆ."

"ಅವತ್ತೇ ಯಾಕೆ ಬೊಗಳಲಿಲ್ಲ?"

"ನೀವು ಕೇಳಲಿಲ್ಲ."

ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವಳು ಕೂತು, ಕಣ್ಣು ಮುಚ್ಚಿ, ಮೊದಲಿಂದ ಕೊನೆಯವರೆಗೆ ನುಡಿಸಿದಳು. ಅಲ್ಲಲ್ಲಿ ತಂತಿ ಮೊರೆಯಿತು, ಒಂದೆರಡು ಕಡೆ ಮೂಕವಾಯಿತು. ಲಯ ಮಾತ್ರ ನಿಲ್ಲಲಿಲ್ಲ. ಕೊನೆಯ ಕಾರ್ಡಿನಿಂದ ಬೆರಳು ಎತ್ತಿದಾಗ ಗಿಟಾರಿನ ಕತ್ತಿನ ಮೇಲೆ ಕೆಂಪು ಬೊಟ್ಟುಗಳಿದ್ದವು.

ಮೇಷ್ಟ್ರು ಬಟ್ಟೆ ತಂದು ಗಿಟಾರ್ ಒರೆಸಿದರು. "ಆಗಲ್ಲಮ್ಮ. ಶಾಲೇಲಿ ದಿನಾ ಬೆಳಗ್ಗೆಯೆಲ್ಲ ನುಡಿಸಬೇಕು. ಈ ಬೆರಳು ಎರಡು ದಿನಾನೂ ತಡೆಯೋಲ್ಲ. ಜಡ್ಡುಗಟ್ಟಿದ ಮೇಲೆ ಬಾ."

"ನೀರು ಬಿಟ್ಟರಲ್ವಾ ಜಡ್ಡುಗಟ್ಟೋದು? ಈ ಕೆಲಸ ಸಿಕ್ಕರಲ್ವಾ ನೀರು ಬಿಡೋದು?" ಅವಳ ಸ್ವರ ಏರಿತು. "ಬೈಯಿರಿ, ಹೊಡೀರಿ ಬೇಕಾದ್ರೆ. ಒಂದು ತಿಂಗಳು ಕೊಡಿ."

ಅವರು ಬಟ್ಟೆಯನ್ನು ಮಡಿಸಿಟ್ಟರು. "ನಾಳೆ ಶಾಲೆ ಶುರು. ಮಕ್ಕಳು ತಿಂಗಳು ಕಾಯೋಲ್ಲ." ಅವಳು ಚಪ್ಪಲಿ ಮೆಟ್ಟುವಾಗ, ಬೆನ್ನ ಹಿಂದೆ ಒರಟಾಗಿಯೇ ಹೇಳಿದರು, "ಲಯ ಎಲ್ಲೂ ತಪ್ಪಲಿಲ್ಲ ನಿನಗೆ."

ಇಡೀ ವರ್ಷದ ಭೇಷ್‌ಗಳಿಗಿಂತ ಅದೊಂದು ಮಾತು ಭಾರವಾಗಿತ್ತು. ಅದನ್ನಿಟ್ಟುಕೊಂಡು ಏನು ಮಾಡಬೇಕೆಂದು ಮಾತ್ರ ದಾರಿಯುದ್ದಕ್ಕೂ ಅವಳಿಗೆ ತಿಳಿಯಲಿಲ್ಲ. ಕೆಲಸ ಇನ್ನೊಬ್ಬಳ ಪಾಲಾಗಿತ್ತು. ಅತ್ತೆ ಆ ಮಂಡಿಯಲ್ಲಿ ಇನ್ನು ನಿಲ್ಲಲಾರಳು. ನಾಳೆ ಬೆಳಿಗ್ಗೆ ಈ ಬಿರುಕುಗಳೇ ಸೋಪಿನ ನೀರಿಗೆ ಇಳಿಯಬೇಕು.

ಸಂಜೆ ಅವಳು ಗಿಟಾರ್ ಎತ್ತಿಕೊಂಡು ಮಹಡಿ ಹತ್ತಿದಳು. ಟೀಚರಮ್ಮ ಬಾಗಿಲಲ್ಲೇ ಅತ್ತರು. ಅವಳು ಅಳಲಿಲ್ಲ. ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು, ತಂತಿ ಇಳಿಸದೆ, ಮೇಷ್ಟ್ರ ಎದುರು ನುಡಿಸಿದ್ದನ್ನೇ ನುಡಿಸಿದಳು.

"ಭೇ..." ಟೀಚರಮ್ಮನ ನಾಲಗೆ ರೂಢಿಯ ದಾರಿ ಹಿಡಿಯಿತು.

"ಬೇಡಿ. ಎಲ್ಲಿ ತಪ್ಪಿತು ಹೇಳಿ."

"ಮಗಳೇ, ಆ ಕೈಯಲ್ಲಿ ಇಷ್ಟು ಬಂದದ್ದೇ..."

"ಟೀಚರಮ್ಮ, ನನ್ನ ತಪ್ಪು ತಿದ್ದೋಕೆ ಇನ್ನು ಯಾರೂ ಇಲ್ಲ. ಎಲ್ಲಿ ತಪ್ಪಿತು?"

ಟೀಚರಮ್ಮ ಕಣ್ಣು ಮುಚ್ಚಿಕೊಂಡರು, ನೋಡುತ್ತಾ ಹೇಳಲಾರರು ಎಂಬಂತೆ. "ಎರಡನೇ ಸಾಲಲ್ಲಿ ಉಂಗುರದ ಬೆರಳು ತಂತಿಗೆ ತಾಗಲೇ ಇಲ್ಲ. ತಪ್ಪು."

ಅವಳು ಮತ್ತೆ ಒತ್ತಿದಳು. ಪಟ್ಟಿ ನೆನೆಯಿತು.

"ತಪ್ಪು," ಎಂದರು ಟೀಚರಮ್ಮ. "ಇನ್ನೊಂದು ಸಲ."

"ಹೂಂ," ಎಂದಳು ಅವಳು. "ಹೀಗೇ ಹೇಳ್ತಾ ಇರಿ."