ಸತ್ತ ಮೇಲೆ ವನ್ಸ್ ಮೋರ್

ಇದು ಖರೇ ಕಥೆ. ಸುಳ್ಳೇನಾದರೂ ಇದ್ದರೆ ಅದು ಗುರುಪಾದಪ್ಪನ ತಲೆಗೂದಲು, ಹಲ್ಲು ಮತ್ತು ಕಂಠ. ಅವಕ್ಕೆ ಕಥೆ ಹೇಳುವವರು ಜವಾಬ್ದಾರರಲ್ಲ.

ಬೆಳಗಾವಿಯ ಶಿವಬಸವ ನಗರದಲ್ಲಿ ಅವನ ಮನೆ, ಬಾಗಿಲಿಗೆ ‘ಸಂಗೀತ ನಾಟಕ ಸಾಮ್ರಾಟ’ ಎಂಬ ಫಲಕ. ಬಿರುದು ಕೊಟ್ಟವನೂ ಅವನೇ, ಫಲಕ ಬರೆಸಿದವನೂ ಅವನೇ. ಅರವತ್ತೆರಡರ ಗುರುಪಾದಪ್ಪ ತನ್ನದೇ ಕಂಪನಿಯ ನಾಟಕದಲ್ಲಿ ಇಪ್ಪತ್ತೆರಡರ ಯುವರಾಜನಾಗಿ, ಎದೆಗೆ ಬಾಣ ತಗುಲಿ, ಹಾಡುತ್ತ ಸಾಯುತ್ತಿದ್ದ. ಹಾಡುತ್ತಿದ್ದ ಎನ್ನುವುದು ಮರ್ಯಾದೆಯ ಮಾತು. ದನಿ ಬಿದ್ದು ಐದು ವರ್ಷವಾಗಿತ್ತು. ಮೂಗಿನಲ್ಲಿ ಎಳೆಯುವ ಅವನ ಮಾತೂ ಹಾಡೂ ಹಳೆಯ ಪೆನ್‌ಡ್ರೈವಿನಲ್ಲಿದ್ದವು. ಮಾಸ್ತರ ನಾಗಲಿಂಗ ಗುಂಡಿ ಒತ್ತಿ, ಹಾರ್ಮೋನಿಯಂ ಮೇಲೆ ಸುಮ್ಮನೆ ಬೆರಳಾಡಿಸುತ್ತಿದ್ದ. ಯುವರಾಜ ಬಾಯಿ ಆಡಿಸುತ್ತಿದ್ದ.

ಅವನು ಸತ್ತ ಕೂಡಲೇ ಮೂರನೇ ಸಾಲಿನಿಂದ ಶಹಾಪುರದ ಕಲ್ಮೇಶ, ಕಂಪನಿಯ ಗಾಡಿಯಲ್ಲೇ ಬಂದು ಕಂಪನಿಯ ಭಜಿ ತಿಂದವನು, ‘ವನ್ಸ್ ಮೋರ್’ ಎಂದು ಕೂಗುತ್ತಿದ್ದ. ಹೆಣ ಎದ್ದು, ಬಾಣ ಸರಿಮಾಡಿಕೊಂಡು, ಮತ್ತೊಮ್ಮೆ ಹಾಡಿ ಸಾಯುತ್ತಿತ್ತು. ಹೀಗೆ ನಾಲ್ಕೈದು ಸಲ ಸಾಯುವಷ್ಟರಲ್ಲಿ ಹೊತ್ತು ಮುಗಿದು ಪರದೆ ಬೀಳುತ್ತಿತ್ತು.

ಹೆಣದ ಮುಂದೆ ಯುವರಾಣಿ ಹಾಡಬೇಕಾದ ಕೊನೆಯ ಹಾಡು, ಆ ಪಾತ್ರ ಮಾಡುವ ಪೂರ್ಣಿಮಾಳದು. ಹನ್ನೊಂದು ಪ್ರಯೋಗಗಳಾದರೂ ಅದನ್ನು ಒಬ್ಬರೂ ಕೇಳಿರಲಿಲ್ಲ.

ಖಾನಾಪುರದ ಮಧ್ಯಾಹ್ನದ ಪ್ರಯೋಗಕ್ಕೆ ಅವಳ ತಾಯಿ ಮಾಯಕ್ಕ ಬಂದಿದ್ದಳು.

“ಅಣ್ಣಾರ, ಇವತ್ತ ಒಂದ ಸಲ ಸಾಯ್ರಿ. ನನ್ನ ಹಾಡ ಕೇಳಾಕ ಅವ್ವ ಬಂದಾಳ,” ಎಂದಳು ಪೂರ್ಣಿಮಾ.

ಗುರುಪಾದಪ್ಪ ಕನ್ನಡಿಯಿಂದ ಕಣ್ಣು ಕೀಳಲಿಲ್ಲ. “ಮಂದಿ ಬಿಡಬೇಕಲ್ಲ, ತಂಗಿ, ಹ್ಞಾಂ,” ಎಂದ ಕರಕರ ಗಂಟಲಿನಲ್ಲಿ.

“ಮಂದಿ ಬಿಡತಾರ್ರೀ. ಕಲ್ಮೇಶ ಬಿಡೂದಿಲ್ಲ.”

“ನಾ ಸಾಯೂದ ನೋಡಾಕ ಪುಣ್ಯಾ ಮಾಡಿರಬೇಕಂತ ನಿಮ್ಮವ್ವಗ ಹೇಳು.”

ಪೂರ್ಣಿಮಾ ಕಾಲೇಜಿನಲ್ಲಿ ಪ್ರಾಚಾರ್ಯರ ದನಿಯನ್ನು ಅನುಕರಿಸಿ ಇಡೀ ತರಗತಿಗೆ ರಜೆ ಕೊಡಿಸಿದವಳು. ನೇರ ನಾಗಲಿಂಗನ ಹತ್ತಿರ ಹೋಗಿ ಕಿವಿಯಲ್ಲಿ ಎರಡು ಮಾತು ಹೇಳಿದಳು.

“ಗುಂಡಿ ಒತ್ತಿ ಒತ್ತಿ ನನಗೂ ಬ್ಯಾಸರ ಆಗೈತಿ, ಬಿಡವ್ವ,” ಎಂದ ಮಾಸ್ತರ.

ಯುವರಾಜ ಸತ್ತ. ಕಲ್ಮೇಶ ಕೂಗಿದ. ಹೆಣ ಮೊಣಕೈ ಊರಿತು. ನಾಗಲಿಂಗ ಗುಂಡಿ ಒತ್ತಲಿಲ್ಲ. ಆಗ ಧ್ವನಿವರ್ಧಕದಲ್ಲಿ ಗುರುಪಾದಪ್ಪನದೇ ದನಿ, ಮೂಗಿನಲ್ಲಿ ಎಳೆದು ಬಂತು: “ನಾ ಸತ್ತೇನ್ರಿ, ಹ್ಞಾಂ. ಸತ್ತಾವ ಹಾಡಬಾರದು, ಹ್ಞಾಂ. ಈಗ ಪೂರ್ಣಿಮಾನ ಹಾಡ ಕೇಳ್ರಿ.”

ಊರಿದ ಮೊಣಕೈ ಅಲ್ಲೇ ನಿಂತಿತು. ಎದ್ದು ‘ಇದು ನನ್ನ ದನಿಯಲ್ಲ’ ಎಂದರೆ, ನಿನ್ನದು ಯಾವುದು, ಹಾಡಿ ತೋರಿಸು ಎಂದಾರು. ಪರದೆಯ ಮರೆಯಲ್ಲಿ ಮೈಕು ಹಿಡಿದಿದ್ದ ಪೂರ್ಣಿಮಾ ಈ ಎಣಿಕೆಯನ್ನು ಮೊದಲೇ ಹಾಕಿದ್ದಳು. ಸಾಮ್ರಾಟ ಮೆಲ್ಲಗೆ ಮತ್ತೆ ಸತ್ತ.

“ಬಾಯಿ ಮುಚ್ಚೇತಿ, ದನಿ ಹೆಂಗ ಬಂತಪಾ?” ಎಂದ ಮುಂದಿನ ಸಾಲಿನ ಮುದುಕ.

“ಐದ ವರ್ಷದಿಂದ ಹಂಗ ಬರಾಕತ್ತೈತಿ, ಮಾಮಾ,” ಎಂದ ಬಾಜು ಕೂತವನು.

ಸಭೆಯ ನಗು ಇಳಿಯುವವರೆಗೆ ಕಾದು ಪೂರ್ಣಿಮಾ ರಂಗಕ್ಕೆ ಬಂದಳು, ಹೆಣದ ಬಳಿ ಕೂತು ಹಾಡಿದಳು. ನಾಗಲಿಂಗನ ಬೆರಳುಗಳು ಎರಡು ಕಡೆ ತಪ್ಪಿದವು. ನಿಜವಾಗಿ ನುಡಿಸಿ ಬಹಳ ದಿನವಾಗಿತ್ತು. ಹಾಡು ಮುಗಿದಾಗ ಮಾಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, “ಇನ್ನೊಮ್ಮಿ ಹಾಡ, ಮಗಳ,” ಎಂದಳು. ಕಲ್ಮೇಶ, ಭಜಿಯ ಹಂಗಿಲ್ಲದೆ, ‘ವನ್ಸ್ ಮೋರ್’ ಎಂದ. ಸಭೆಯೆಲ್ಲ ಅದನ್ನೇ ಕೂಗಿತು.

ಪೂರ್ಣಿಮಾ ಹೆಣಕ್ಕೆ ಕೈಮುಗಿದು, ಅವನದೇ ದನಿಯಲ್ಲಿ, “ಮಂದಿ ಬಿಡಬೇಕಲ್ಲ, ಅಣ್ಣಾರ, ಹ್ಞಾಂ,” ಎಂದಳು.

ಸಭೆ ಬಿದ್ದು ಬಿದ್ದು ನಕ್ಕಿತು. ಮೊದಲು ಎದೆಯ ಬಾಣ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಸುಳ್ಳು ಕೂದಲಿನ ಟೋಪನ್ ಜಾರಿ ಕಿವಿಗೆ ಬಂತು. ಹೆಣ ಎಲ್ಲರಿಗಿಂತ ಜೋರಾಗಿ ನಗುತ್ತಿತ್ತು, ನಗುವಿನಲ್ಲೂ ಇನ್ನೊಬ್ಬರು ಮುಂದೆ ಹೋಗಬಾರದೆಂಬಂತೆ. ಐದು ವರ್ಷಗಳಲ್ಲಿ ರಂಗದ ಮೇಲೆ ಅವನ ಸ್ವಂತ ಗಂಟಲಿನಿಂದ ಹೊರಟ ಮೊದಲ ಸದ್ದು ಅದು.