ಎಡಚ ಸಿಪಾಯಿ

ಕಲ್ಲುಕುಟಿಗನಿಗೆ ಬೆಳಗ್ಗೆಯಿಂದಲೇ ಸಿಟ್ಟು ನೆತ್ತಿಗೇರಿತ್ತು. ಹಾಳುಬಿದ್ದ ಗುಡಿಗಳನ್ನು ನಲವತ್ತು ವರ್ಷ ನೆಟ್ಟಗೆ ನಿಲ್ಲಿಸುತ್ತ ಬಂದ ಮನುಷ್ಯ, ಇವತ್ತು ಆನೆ ಕೆತ್ತಿದ ಮೆಟ್ಟಿಲಿಗೆ ತಾನೇ ಏಳು ತೂತು ಕೊರೆದು, ಕಬ್ಬಿಣದ ಬೆಣೆ ಕೂರಿಸಿ ಬಂದಿದ್ದ. ಊಟವಾದ ಮೇಲೆ ಸುತ್ತಿಗೆ ಬಿದ್ದರೆ ಮುಗಿಯಿತು, ಆನೆ ಎರಡು ಹೋಳು.

ಇದಕ್ಕೆಲ್ಲ ಕಾರಣ ಇಂಜಿನಿಯರ್ ಕೋಣೆಯ ಗೋಡೆಯ ಮೇಲಿದ್ದ ಒಂದು ಚಿತ್ರ. ಇನ್ನೂರು ವರ್ಷದ ಹಿಂದೆ ಹಡಗು ಹತ್ತಿ ಬಂದ ಯಾರೋ ಯುರೋಪಿನವನು ಇದೇ ಗುಡಿಯನ್ನು ಬರೆದುಕೊಂಡು ಹೋಗಿದ್ದ. ಅವನ ಊರಿನಲ್ಲಿ ಅದನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ್ದರು. ಅದರಲ್ಲಿ ಮೆಟ್ಟಿಲು ಮಂಟಪದ ಎಡಕ್ಕಿತ್ತು. ನಿಜವಾದ ಗುಡಿಯಲ್ಲಿ ಬಲಕ್ಕಿದೆ. ಬಲಗಡೆಯದನ್ನು ಆಮೇಲೆ ಯಾರೋ ಕಟ್ಟಿದ್ದಾರೆ, ಒಡೆದು ಎಡಕ್ಕೆ ಹೊಸದು ಹಾಕಿ ಎಂದು ಅಪ್ಪಣೆಯಾಗಿತ್ತು.

ಊಟದ ಡಬ್ಬಿ ಹಿಡಿದು ಆ ಕೋಣೆಗೆ ಬಂದ ಕಲ್ಲುಕುಟಿಗನ ಹೆಂಡತಿ ಚಿತ್ರದ ಮುಂದೆ ನಿಂತವಳು ಅಲ್ಲಾಡಲಿಲ್ಲ.

"ರೀ, ಬನ್ನಿ ಇಲ್ಲಿ. ಈ ಸಿಪಾಯಿ ಕತ್ತಿ ಯಾವ ಕಡೆ ಕಟ್ಕೊಂಡಿದಾನೆ?"

"ಬಲಗಡೆ. ಏನೀಗ?"

"ಬಲಗೈಲಿ ಹೆಂಗೆ ಎಳೀತಾನೆ? ಕಲ್ಲು ಕೆತ್ತೋನ್ನ ನೋಡಿ, ಸುತ್ತಿಗೆ ಎಡಗೈಲಿ. ಬರೆಯೋ ಗುಮಾಸ್ತನೂ ಎಡಗೈ. ಇಡೀ ಊರೇ ಎಡಚರಾ?"

ಮೇಜಿನ ಹಿಂದಿನಿಂದ ಇಂಜಿನಿಯರ್ ನಕ್ಕ. "ಅಮ್ಮಾ, ಅದು ದಾಖಲೆ."

"ಮೂವತ್ತು ವರ್ಷ ಪ್ರೆಸ್ಸಲ್ಲಿ ಉಲ್ಟಾ ಅಕ್ಷರದ ಅಚ್ಚುಮೊಳೆ ಜೋಡಿಸಿದ ಕಣ್ಣು ಸ್ವಾಮಿ ಇದು. ತಗಡಿನ ಮೇಲೆ ತಿರುಗಿಸಿ ಕೊರೀಬೇಕಿತ್ತು. ಆ ಪುಣ್ಯಾತ್ಮ ಇದ್ದಂಗೇ ಕೊರೆದಿದಾನೆ. ಅಚ್ಚು ಬಿದ್ದಾಗ ಗುಡಿನೇ ಮಗ್ಗುಲು ಬದಲಾಯಿಸಿದೆ!"

ಕಲ್ಲುಕುಟಿಗ ಯಾರನ್ನೂ ಕೇಳಲಿಲ್ಲ. ಚೌಕಟ್ಟನ್ನು ಗೋಡೆಯಿಂದ ಕಿತ್ತು, ಮೂಲೆಯಲ್ಲಿ ಕೈ ತೊಳೆಯುವಲ್ಲಿದ್ದ ಕನ್ನಡಿಯ ಎದುರು ಹಿಡಿದ. ಕನ್ನಡಿಯೊಳಗೆ ಕತ್ತಿ ಎಡ ಸೊಂಟಕ್ಕೆ ಹೋಯಿತು, ಸುತ್ತಿಗೆ ಬಲಗೈಗೆ ಬಂತು, ಮೆಟ್ಟಿಲು ಬಲಕ್ಕೆ ನಿಂತಿತು. ಕಿಟಕಿಯಾಚೆಗೂ ಅದೇ ಮಂಟಪ, ಬಲಗಡೆ ಅದೇ ಮೆಟ್ಟಿಲು, ಅದೇ ಆನೆ.

"ಕಾಣ್ತಾ ಸ್ವಾಮಿ?"

ಇಂಜಿನಿಯರ್ ಎದ್ದು ಬಂದು ಕನ್ನಡಿಯೊಳಗೆ ಇಣುಕಿದ. "ಕಾಣ್ತು. ಆದ್ರೆ ಆರ್ಡರ್ ಮೇಲಿಂದ ಬಂದಿದೆ. ಇವತ್ತೇ ಒಡೀಬೇಕು."

"ಕಂಡ ಮೇಲೂ?"

"ನನ್ನ ಕೈಲಿ ಏನಿದೆ ಯಜಮಾನ್ರೇ?"

"ಏನೂ ಇಲ್ಲ ಬಿಡಿ! ಎಡಗೈಲೂ ಇಲ್ಲ, ಬಲಗೈಲೂ ಇಲ್ಲ. ನಿಮ್ಮ ಮೇಲಿನೋರಿಗೂ ಒಂದೊಂದು ಕನ್ನಡಿ ಕೊಡಿಸಿ!"

ಚೌಕಟ್ಟನ್ನು ಮೇಜಿನ ಮೇಲೆ ಕುಕ್ಕಿ, ದಡದಡ ಹೊರಗೆ ಹೋದ. ಬೆಣೆಗಳನ್ನು ಅಡ್ಡಡ್ಡ ತಟ್ಟಿ ಸಡಿಲಿಸಿ, ಏಳನ್ನೂ ಕಿತ್ತು ಚೀಲಕ್ಕೆ ಎಸೆದ. ಮೆಟ್ಟಿಲಿನ ನಟ್ಟನಡುವೆ ಕಾಲು ಚಾಚಿ ಕೂತ.

"ಈಗ ಒಡೀಲಿ, ನೋಡ್ತೀನಿ!"

ಹೆಂಡತಿ ಪಕ್ಕದಲ್ಲಿ ಕೂತಳು. ಆನೆಯ ಹೊಟ್ಟೆಯ ಮೇಲೆ ಕೈಯಾಡಿಸಿದಳು. ಒಂದು ತೂತಿನೊಳಗೆ ಬೆರಳು ಪೂರ್ತಿ ಇಳಿಯಿತು.

"ಈ ತೂತು ಯುರೋಪಿನೋನು ಕೊರೆದಿದ್ದಲ್ಲ ರೀ."

"ಗೊತ್ತು ಕಣೇ," ಎಂದ ಅವನು, ಅವಳ ಮುಖ ನೋಡದೆ. "ಅದಕ್ಕೇ ಇಲ್ಲಿಂದ ಏಳಲ್ಲ. ಡಬ್ಬಿ ಬಿಚ್ಚು."